ಮಸ್ಕಿಯ ಕಲ್ಲು, ಮನೆಯ ಮಾತು

ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಮೊದಲು ಉರ್ದು, ಆಮೇಲೆ ಕನ್ನಡ. ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ನನ್ನ ಓರಗೆಯ ಮುಸ್ಲಿಮರಲ್ಲಿ ಹಲವರು ಬೆಳೆದದ್ದು ಹೀಗೆಯೇ. "ಎಷ್ಟು ಚಲೋ ಕನ್ನಡ ಮಾತಾಡ್ತೀರಿ!" ಎಂದು ದೂರದ ಊರಿನವರು ಮೆಚ್ಚಿದಾಗ ಏನು ಹೇಳಬೇಕೋ ತೋಚುವುದಿಲ್ಲ. ಹುಟ್ಟಿದೂರಿನ ಮಾತನ್ನಾಡಿದ್ದಕ್ಕೂ ಶಹಬ್ಬಾಸ್‌ಗಿರಿಯೇ?

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಸರಕಾರದ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಪಾಠ ಹೇಳಿತು. ಇದರಿಂದ ಕನ್ನಡಕ್ಕೆ ಅನ್ಯಾಯವಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಉರ್ದು ಕಲಿತವರು ಮುಸ್ಲಿಮರಷ್ಟೇ ಅಲ್ಲ. ಕಚೇರಿಯ ಕೆಲಸ ಬೇಕಿದ್ದ ಲಿಂಗಾಯತರೂ ಬ್ರಾಹ್ಮಣರೂ ಕಲಿತರು. ರಾಯಚೂರು ಜಿಲ್ಲೆಯ ಹೆಂಬೇರಾಳದಲ್ಲಿ 1924ರಲ್ಲಿ ಹುಟ್ಟಿದ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಜಮೀನು, ಫಸಲು, ಅರ್ಜಿ, ವಕೀಲ, ತಹಸೀಲು, ಕೊನೆಗೆ ರೈತ ಎಂಬ ಪದವೂ ಅರಬಿ, ಫಾರಸಿಗಳ ದಾರಿಯಲ್ಲಿ ಬಂದದ್ದೇ. ಅವನ್ನು ಯಾರೂ ಪರಕೀಯ ಎನ್ನುವುದಿಲ್ಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ನಮ್ಮ ಹಿರಿಯರ ನಾಲಿಗೆಯನ್ನು ಬಿಗಿಯಿತು. ರಜಾಕಾರರ ದೌರ್ಜನ್ಯ ನಿಜ. ಅದಕ್ಕೆ ಸಂಬಂಧವೇ ಇಲ್ಲದ ಮುಸ್ಲಿಮರು ತೆತ್ತ ಬೆಲೆಯೂ ನಿಜ. ಸಂಸ್ಥಾನದಾದ್ಯಂತ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಸುಂದರ್‌ಲಾಲ್ ಸಮಿತಿ ಅಂದಾಜಿಸಿತ್ತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ನಮ್ಮ ಮನೆಯಲ್ಲಿ ದಾದಾ ಆ ದಿನಗಳ ಸುದ್ದಿ ಎತ್ತುತ್ತಿರಲಿಲ್ಲ. ಕೇಳಿದರೆ, "ಛೋಡೋ ಬೇಟಾ" ಎಂದು ಎದ್ದು ಹೋಗುತ್ತಿದ್ದರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಮನೆಯದು ಬದಲಾಗಲಿಲ್ಲ.

ಮಸ್ಕಿಯ ಬಂಡೆಯ ಮುಂದೆ ನಿಂತಾಗ ನನಗೆ ಇದೆಲ್ಲ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಗುರುತಿಸಿದರು. ಬೇರೆ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಕಾಣುತ್ತಿದ್ದವು. ಅಶೋಕ ಎಂಬ ಹೆಸರು ಮೊದಲು ಓದಿಗೆ ಸಿಕ್ಕಿದ್ದು ಇಲ್ಲಿ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಬರೆಸಿದವನ ರಾಜಧಾನಿ ದೂರದ ಪಾಟಲಿಪುತ್ರ. ಇಷ್ಟಿದ್ದೂ ಅದು ಮಸ್ಕಿಯ ಕಲ್ಲು. "ನೀನು ಎಲ್ಲಿಯದು?" ಎಂದು ಅದನ್ನು ಯಾರೂ ಕೇಳಿಲ್ಲ.

ಸಿಂಧನೂರಿಗೆ ಬನ್ನಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಆಂಧ್ರದ ರೈತರು ಬಂದರು, ಅವರ 'ಕ್ಯಾಂಪು'ಗಳು ಊರುಗಳಾದವು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ನಿರಾಶ್ರಿತರಿಗೂ ಸರಕಾರ ಇಲ್ಲೇ ನೆಲೆ ಕೊಟ್ಟಿತು. ಅವರ ಮಕ್ಕಳು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಅವರನ್ನು ನೋಡಿದಾಗ ನನಗೆ ಗುರುತಿನವರನ್ನು ಕಂಡಂತಾಗುತ್ತದೆ.

ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಈ ಭಾಗದಲ್ಲೆಲ್ಲ ಹೆಸರಾದದ್ದು. ಅಲ್ಲಿ ಹಿಂದೂಗಳೂ ಹರಕೆ ಹೊರುತ್ತಾರೆ, ಅಲಾಯಿ ಕುಣಿತಕ್ಕೆ ಗೆಜ್ಜೆ ಕಟ್ಟುತ್ತಾರೆ. ಇದು ದೀನಿಗೆ ಸೇರಿದ್ದೋ ಅಲ್ಲವೋ ಎಂಬ ಚರ್ಚೆ ನಮ್ಮವರಲ್ಲಿದೆ. ಅದನ್ನು ಆಲಿಮರಿಗೆ ಬಿಡುತ್ತೇನೆ. ನಾನು ಹೇಳಬೇಕಾದದ್ದು ಬೇರೆ. ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿದ ಇಮಾಮ್ ಹುಸೇನರ ಕಥೆ ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಉರ್ದುವಿನ ಮರ್ಸಿಯಾದಲ್ಲಲ್ಲ. ಅಲಾಯಿ ಕುಣಿಯ ಪಕ್ಕ ನಿಂತು ಕುರುಬರ ಮುದುಕರೊಬ್ಬರು ಹಾಡುತ್ತಿದ್ದ ಕನ್ನಡದ ರಿವಾಯತ್ ಪದದಲ್ಲಿ. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಮಗ್ಗುಲಲ್ಲಿ ನಿಂತಿದ್ದ ನೆರೆಮನೆಯ ಗೌರಮ್ಮವ್ವನೂ.