ಮರಣ ಪುಸ್ತಕದ ಒಂದು ಸಾಲು



ನವೆಂಬರ್ 2 ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಹಿಂದಿನ ದಿನವೇ ಕಳೆ ಕಿತ್ತು, ಗೋರಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಹಾರ ಹಾಕಿ, ಸಂಜೆ ಮೇಣದಬತ್ತಿ ಹಚ್ಚಿಕೊಂಡು, ಗುರುಗಳು ಬಂದು ತೀರ್ಥ ಚಿಮುಕಿಸಲಿ ಎಂದು ಕುಟುಂಬಗಳು ಕಾದು ನಿಲ್ಲುವ ದೃಶ್ಯ ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ ಒಂದೇ. ಕೆಲವರು ಮಾತ್ರ ಯಾವ ಗೋರಿಯ ಬಳಿಯೂ ನಿಲ್ಲದೆ ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿ ಹೋಗುತ್ತಾರೆ. ತಮ್ಮವರನ್ನು ಎಲ್ಲಿ ಮಣ್ಣು ಮಾಡಿದರೆಂಬುದು ಅವರಿಗೆ ತಿಳಿಯದು. ಮರದ ಶಿಲುಬೆ ನಾಲ್ಕಾರು ಮಳೆಗಾಲಕ್ಕೆ ಲಡ್ಡಾಗುತ್ತದೆ. ಜಾಗ ಸಾಲದ ಸ್ಮಶಾನಗಳಲ್ಲಿ ಅದೇ ಗುಂಡಿಗೆ ಮತ್ತೊಬ್ಬರನ್ನು ಇಳಿಸುತ್ತಾರೆ.

2023ರ ನವೆಂಬರಿನಲ್ಲಿ ಆ ದೊಡ್ಡ ಶಿಲುಬೆಯ ಬಳಿ ಒಬ್ಬ ತಾಯಿ ನಮ್ಮನ್ನು ತಡೆದರು. “ಸ್ತೋತ್ರ ಸ್ವಾಮಿ, ನಮ್ಮ ತಾತ ತೀರಿಕೊಂಡಿದ್ದಕ್ಕೆ ಒಂದು ಕಾಗದ ಬೇಕಿತ್ತು” ಎಂದರು. ಅವರ ತವರು ಹನೂರು ಕಡೆಯ ಒಂದು ಹಳ್ಳಿ. ಮದುವೆಯಾಗಿ ಮೈಸೂರಿಗೆ ಬಂದು ಮೂವತ್ತು ವರ್ಷ ಕಳೆದಿದೆ. ಊರಿನಲ್ಲಿರುವ ಒಂದೂವರೆ ಎಕರೆಯ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು. ತಂದೆಯೂ ತೀರಿಹೋದ ಮೇಲೆ ಮಕ್ಕಳೆಲ್ಲ ಸೇರಿ ಪೌತಿ ಖಾತೆಗೆ ಹೋದರು. ಪೌತಿ ಎಂಬ ಮಾತಿನ ಮೂಲ ಅರಬ್ಬಿ. ಅದರ ಅರ್ಥವೇ ಸಾವು. ಸಾವಿಗೆ ಸಾಕ್ಷಿಯಿಲ್ಲದೆ ಪೌತಿಯೂ ಇಲ್ಲ. ತಾತನ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂತು.

ಇಂಥ ಹಿಂಬರಹ ಹಿಡಿದು ನಮ್ಮ ಕಚೇರಿಗೆ ಬರುವವರು ಪ್ರತಿ ವರ್ಷವೂ ಇದ್ದಾರೆ. ಆದುದರಿಂದ ಸತ್ತವರ ಹೆಸರನ್ನು ಬರೆದಿಡುವ ಈ ಕೆಲಸದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಪತ್ರಿಕೆಗಳ ಮರಣವಾರ್ತೆಯನ್ನು ಈಗ ಎಲ್ಲರೂ ಒಬಿಚುವರಿ ಎನ್ನುತ್ತಾರೆ. ಈ ಮಾತು ಹುಟ್ಟಿದ್ದು ಪತ್ರಿಕಾ ಕಚೇರಿಯಲ್ಲಲ್ಲ, ಸನ್ಯಾಸಿ ಮಠಗಳಲ್ಲಿ. ಯಾವ ದಿನ ಯಾರು ತೀರಿಕೊಂಡರು ಎಂಬುದನ್ನು ತಿಂಗಳು ತಾರೀಖಿನ ಕ್ರಮದಲ್ಲಿ ಬರೆದಿಟ್ಟು, ಪ್ರತಿ ವರ್ಷ ಆ ದಿನ ಅವರ ಹೆಸರನ್ನು ಓದಿ ಪ್ರಾರ್ಥಿಸುತ್ತಿದ್ದ ಪುಸ್ತಕಕ್ಕೆ ಲತೀನಿನಲ್ಲಿ ‘ಓಬಿತುವಾರಿಯುಂ’ ಎಂದು ಹೆಸರು. ಒಂದು ಮಠದಲ್ಲಿ ಸಾವಾದರೆ ಚರ್ಮದ ಸುರುಳಿಯಲ್ಲಿ ಸುದ್ದಿ ಬರೆದು ಆಳಿನ ಕೈಯಲ್ಲಿ ಮಠದಿಂದ ಮಠಕ್ಕೆ ಕಳುಹಿಸುತ್ತಿದ್ದರು. ನವೆಂಬರ್ 2ರ ಸ್ಮರಣೆಯನ್ನು ಸುಮಾರು 998ರಲ್ಲಿ ಆರಂಭಿಸಿದವರು ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ. ಹೆಸರು ತಿಳಿಯದವರನ್ನೂ ಸೇರಿಸಿ ಸಕಲ ಮೃತರಿಗೂ ಒಂದು ದಿನ ಇರಲಿ ಎಂದು ನಿಶ್ಚಯಿಸಿದವರು ಹೆಸರುಗಳನ್ನು ಬರೆದಿಡುವುದರಲ್ಲಿ ಪಳಗಿದವರೇ ಎಂಬುದು ಗಮನಿಸಬೇಕಾದ ಸಂಗತಿ.

ಸಾಮಾನ್ಯ ವಿಶ್ವಾಸಿಗಳ ಹೆಸರು ಪುಸ್ತಕ ಸೇರಲು ಬಹಳ ಕಾಲ ಹಿಡಿಯಿತು. ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳನ್ನು ಇಡಬೇಕೆಂದು 1563ರಲ್ಲಿ ತ್ರೆಂತ್ ಮಹಾಸಭೆ ವಿಧಿಸಿತು. ಮರಣ ಪುಸ್ತಕವನ್ನು ಹೇಗೆ ಬರೆಯಬೇಕೆಂಬ ಮಾದರಿ ಬಂದದ್ದು 1614ರಲ್ಲಿ, ಐದನೆಯ ಪೌಲ ಜಗದ್ಗುರುಗಳು ಹೊರಡಿಸಿದ ರೋಮನ್ ಸಂಸ್ಕಾರ ವಿಧಿ ಗ್ರಂಥದಲ್ಲಿ. ಇಂದಿಗೂ 1983ರ ಕಾನೂನು ಸಂಹಿತೆಯ 535ನೆಯ ನಿಯಮವು ಪ್ರತಿ ಧರ್ಮಕೇಂದ್ರವೂ ಮರಣ ಪುಸ್ತಕ ಇಡಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎನ್ನುತ್ತದೆ. ಭೂಸ್ಥಾಪನೆಯಾದ ಬಳಿಕ ಅದನ್ನು ಪುಸ್ತಕದಲ್ಲಿ ದಾಖಲಿಸಬೇಕೆಂಬುದು 1182ನೆಯ ನಿಯಮ. ಸೆಮಿನರಿಯಲ್ಲಿ ಇವನ್ನು ಪರೀಕ್ಷೆಗಾಗಿ ಓದಿದ್ದೆವು. ಅದರ ಬೆಲೆ ತಿಳಿದದ್ದು ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೆ.

ನಮ್ಮ ಮೈಸೂರು ಸೀಮೆಗೆ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದದ್ದು 1649ರಲ್ಲಿ. ಯೇಸುಸಭೆ ರದ್ದಾದ ಮೇಲೆ, ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಈ ಕೆಲಸ ವಹಿಸಿಕೊಂಡರು. ಇಲ್ಲೊಂದು ವಿಚಿತ್ರವಿದೆ. ಆ ಗುರುಗಳಲ್ಲಿ ಒಬ್ಬರು ಇಲ್ಲಿನ ಹಳ್ಳಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದರೂ ಅವರ ಹುಟ್ಟೂರು, ಗುರುಪಟ್ಟ ಪಡೆದ ದಿನ, ಸೇವೆ ಮಾಡಿದ ಊರುಗಳು, ಕೊನೆಯ ಗಳಿಗೆ ಎಲ್ಲವನ್ನೂ ಹೇಳುವ ಮರಣವಾರ್ತೆ ಪ್ಯಾರಿಸ್ಸಿನ ರೂ ದ್ಯು ಬಾಕ್ ಬೀದಿಯಲ್ಲಿರುವ ಆ ಸಂಸ್ಥೆಯ ದಫ್ತರಿನಲ್ಲಿ ಸಿಗುತ್ತದೆ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ದ ಮ್ಯುರೋನ್ ಪಡೆಯ ಅಧಿಕಾರಿಗಳ ಮತ್ತು ಅವರ ಹೆಂಡಿರು ಮಕ್ಕಳ ಹೆಸರುಗಳನ್ನು ಕಲ್ಲಿನ ಮೇಲೆ ಇಂದೂ ಓದಬಹುದು. ಆದರೆ ಫ್ರೆಂಚ್ ಸ್ವಾಮಿಗಳ ಕುದುರೆ ಹಿಡಿದು, ಅವರಿಗೆ ಭಾಷೆ ಕಲಿಸಿ, ಅವರು ಇಲ್ಲದ ತಿಂಗಳುಗಳಲ್ಲಿ ಜಪಮಾಲೆ ನಡೆಸಿ, ಸಾಯುವವರ ತಲೆದೆಸೆಯಲ್ಲಿ ಕುಳಿತ ಉಪದೇಶಿಗೆ ಯಾವ ಪತ್ರಿಕೆಯೂ ಮರಣವಾರ್ತೆ ಬರೆಯಲಿಲ್ಲ. ಆತನಿಗೆ ಸಿಕ್ಕಿದ್ದು ಧರ್ಮಕೇಂದ್ರದ ಪುಸ್ತಕದಲ್ಲಿ ಒಂದು ಸಾಲು.

ಆ ಒಂದು ಸಾಲೂ ಸಿಗದವರು ಎಷ್ಟೋ ಮಂದಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.8 ಲಕ್ಷ. ನಡುವೆ ಬಂದದ್ದು 1876–78ರ ಮಹಾಕ್ಷಾಮ. ದಾರಿಬದಿಯಲ್ಲಿ ಬಿದ್ದವರ ಹೆಸರನ್ನು ಕೇಳುವವರಾದರೂ ಯಾರು? 1898ರಲ್ಲಿ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಒಂದು ಹಳೆಯ ಪುಸ್ತಕದಲ್ಲಿ 1918ರ ಕೊನೆಯ ತಿಂಗಳುಗಳ ಪುಟಗಳನ್ನು ನಾವು ನೋಡಿದ್ದೇವೆ. ಅಕ್ಷರ ಸಣ್ಣದಾಗುತ್ತ ಹೋಗಿ, ಸಾಲುಗಳು ಒತ್ತೊತ್ತಾಗಿ, ವಯಸ್ಸಿನ ಕಲಂ ಖಾಲಿ ಉಳಿದಿದೆ. ಬರೆದ ಗುರುಗಳ ಕೈ ಸೋತಿತ್ತು ಎಂದು ನೋಡಿದೊಡನೆ ತಿಳಿಯುತ್ತದೆ.

ಇನ್ನು ಸರ್ಕಾರದ ಪುಸ್ತಕಗಳ ವಿಷಯ. ಈಗ ನಮ್ಮ ಧರ್ಮಕ್ಷೇತ್ರದಲ್ಲಿರುವ ಊರುಗಳು 1956ರ ನವೆಂಬರ್ 1ರವರೆಗೆ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಮೈಸೂರು, ಮಂಡ್ಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಇಂದಿನ ಹನೂರೂ ಸೇರಿದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿ ಜನನ ಮರಣ ನೋಂದಣಿ ನಡೆಯುತ್ತಿದ್ದದ್ದು 1899ರ ಮದರಾಸು ಕಾಯಿದೆಯಂತೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರೇ ದಿಕ್ಕು. ಆ ಹುದ್ದೆಗಳು ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು; ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರ ಜನನ ಮರಣ ನೋಂದಣಿ ಅಧಿನಿಯಮದಿಂದ. ನಮ್ಮಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಾಯಿತು. ಇಷ್ಟು ಕೈ ಬದಲಾದ ಪುಸ್ತಕಗಳಲ್ಲಿ ಒಂದೆರಡು ಕಳೆದುಹೋದರೆ ಅದಕ್ಕೆ ಇಂದಿನ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ.

ಆ ತಾಯಿಯ ವಿಷಯದಲ್ಲಿ ನಾವು ಮೊದಲು ಎಡವಿದ್ದು ಊರಿನಲ್ಲೇ. ಅವರ ಹಳ್ಳಿ ಈಗ ಸ್ವತಂತ್ರ ಧರ್ಮಕೇಂದ್ರ. ಅಲ್ಲಿನ ಗುರುಗಳಿಗೆ ಫೋನ್ ಮಾಡಿದರೆ ಅವರ ಪುಸ್ತಕವೇ ತಾತನ ಸಾವಿನ ನಂತರ ಶುರುವಾಗಿದೆ. ಅದಕ್ಕೂ ಹಿಂದಿನದು ತಾಯಿ ಧರ್ಮಕೇಂದ್ರದಲ್ಲಿ ಇರಬೇಕು. (ನೀಲಗಿರಿ, ಚಿಕ್ಕಮಗಳೂರು ಕಡೆಯ ಮೂಲದವರಿಗೂ ಒಂದು ಮಾತು: 1955ರಲ್ಲಿ ಊಟಿ, 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರಗಳು ನಮ್ಮಿಂದ ಬೇರೆಯಾದವು. ಪುಸ್ತಕಗಳು ಸಾಮಾನ್ಯವಾಗಿ ಆಯಾ ಧರ್ಮಕೇಂದ್ರದಲ್ಲೇ ಇರುತ್ತವೆ.) ಒಂದು ಸೋಮವಾರ ಬಿಡುವು ಮಾಡಿಕೊಂಡು ಅಲ್ಲಿಗೆ ಹೋದೆವು. ಬೀರುವಿನಿಂದ ಪುಸ್ತಕ ತೆಗೆದು 1950ರಿಂದ 1956ರವರೆಗೆ ಎರಡು ಸಲ ಹುಡುಕಿದರೂ ತಾತನ ಹೆಸರಿಲ್ಲ. ತಾತನ ಹೆಸರು ಚಿನ್ನಪ್ಪ, ಅವರ ತಂದೆಯ ಹೆಸರು ರಾಯಪ್ಪ ಎಂದಿಟ್ಟುಕೊಳ್ಳೋಣ. ನಿಜವಾದ ಹೆಸರುಗಳು ಇಲ್ಲಿ ಬೇಡ.

ಹೊರಡುವ ಹೊತ್ತಿಗೆ ನಮ್ಮ ತಪ್ಪು ನಮಗೇ ಹೊಳೆಯಿತು. ಹಳೆಯ ಗುರುಗಳು ಪುಸ್ತಕ ಬರೆದದ್ದು ಲತೀನಿನಲ್ಲಿ. ಮನೆಯಲ್ಲಿ ಕರೆಯುವ ಹೆಸರನ್ನು ಬಿಟ್ಟು ಸಂತರ ಹೆಸರನ್ನು ಲತೀನಿನಲ್ಲೇ ಬರೆಯುತ್ತಿದ್ದರು. ಪೌಲ ಎಂದರೆ ಚಿಕ್ಕವನು. ನಮ್ಮವರ ಬಾಯಲ್ಲಿ ಅದು ಚಿನ್ನಪ್ಪ. ಪೇತ್ರ ರಾಯಪ್ಪನಾದ. ಯೊವಾನ್ನ ಅರುಳಪ್ಪ, ಇಗ್ನಾಸಿ ಇನ್ನಾಸಪ್ಪ, ಸಂತ ಯಕೋಬ ಸಂದ್ಯಾಗಪ್ಪ, ಕ್ಸೇವಿಯರ್ ಚೌರಪ್ಪ, ಲಾಜರ ದೇವಸಹಾಯ. ಆ ಕಣ್ಣಿನಿಂದ ಮತ್ತೆ ನೋಡಿದಾಗ 1954ರ ಫೆಬ್ರವರಿಯ ಪುಟದಲ್ಲಿ ‘ಪೌಲುಸ್, ಪೇತ್ರುಸನ ಮಗ’ ಇದ್ದರು. ಊರಿನ ಹೆಸರಿತ್ತು, ವಯಸ್ಸು ಸುಮಾರು ಐವತ್ತೈದು ಎಂದಿತ್ತು. ಮುಂದೆ ‘ಓಬಿಯಿತ್’, ಅಂದರೆ ತೀರಿಕೊಂಡರು. ‘ಸಾಕ್ರಮೆಂತಿಸ್ ಮುನೀತುಸ್’, ಸಂಸ್ಕಾರಗಳನ್ನು ಪಡೆದು. ಮರುದಿನ ‘ಸೆಪುಲ್ತುಸ್’, ಮಣ್ಣಾದರು. ಕೆಳಗೆ ಗುರುಗಳ ಸಹಿ. ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ಆ ತಾಯಿ ಜಮೀನಿನ ಮಾತೆತ್ತಲಿಲ್ಲ. “ಹಂಗಾದ್ರೆ ನಮ್ಮ ತಾತಂಗೆ ಕಡೇ ಅಭ್ಯಂಗ ಆಗಿತ್ತಾ ಸ್ವಾಮಿ?” ಎಂದು ಎರಡು ಸಲ ಕೇಳಿದರು.

ಧರ್ಮಕೇಂದ್ರದ ಪತ್ರವೇ ಸರ್ಕಾರದ ಮರಣ ಪ್ರಮಾಣಪತ್ರವಲ್ಲ, ಅದೊಂದು ಪೂರಕ ಸಾಕ್ಷಿ ಮಾತ್ರ. ಈ ವಿಷಯದಲ್ಲಿ ಕುಟುಂಬದವರು ನಮ್ಮ ಮೇಲೆ ಸಿಟ್ಟಾಗುವುದುಂಟು. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವರ್ಷ ಮೀರಿದರೆ ಮೊದಲು ಪ್ರಥಮ ದರ್ಜೆ ನ್ಯಾಯಾಧೀಶರ ಆದೇಶ ಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ: ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ, ವಾಸವಿದ್ದ ಊರಿನಲ್ಲಲ್ಲ. ಹುಣಸೂರು ಕಡೆಯ ಹಳ್ಳಿಯವರು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರ ಹೆಸರು ಇರುವುದು ಮೈಸೂರು ನಗರದ ದಾಖಲೆಯಲ್ಲಿ. ಹಳ್ಳಿಯ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗದು. ನೋಂದಣಿ ಪುಸ್ತಕವನ್ನು ಹುಡುಕಿಸಿ ನಕಲು ಪಡೆಯಲು ಕಾನೂನು ಯಾರಿಗಾದರೂ ಅವಕಾಶ ಕೊಡುತ್ತದೆ. ಆದರೆ ಸಾವಿನ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತೋರಿಸುವಂತಿಲ್ಲ. ತಾರೀಖೇ ನೆನಪಿಲ್ಲದಿದ್ದರೆ ಹಳೆಯ ಪತ್ರಿಕೆಯ ತುಣುಕು, ಪುಣ್ಯಸ್ಮರಣೆಯ ಕಾರ್ಡು, ಪೂಜೆ ಬರೆಸಿದ ಚೀಟಿ ನೆರವಿಗೆ ಬರುತ್ತವೆ. 1978ರಲ್ಲಿ ಆರಂಭವಾದ ಸ್ಟಾರ್ ಆಫ್ ಮೈಸೂರ್ ಪತ್ರಿಕೆಯ ಮರಣವಾರ್ತೆಗಳನ್ನು ಕತ್ತರಿಸಿ ಬೈಬಲಿನೊಳಗೆ ಇಟ್ಟುಕೊಂಡ ಮನೆಗಳನ್ನು ನಾವು ಬಲ್ಲೆವು. ಅವು ನಗರದ ಮನೆಗಳು.

ಗ್ರಾಮ ಲೆಕ್ಕಿಗರ ಪುಸ್ತಕದ ಬಗ್ಗೆ ಇಷ್ಟು ಬರೆದ ಮೇಲೆ ನಮ್ಮ ಪುಸ್ತಕದ ಬಗ್ಗೆಯೂ ಹೇಳಬೇಕು. 2021ರ ಮೇ ತಿಂಗಳಲ್ಲಿ ನಾವಿದ್ದ ಧರ್ಮಕೇಂದ್ರದಲ್ಲಿ ಕೋವಿಡ್‌ನಿಂದ ತೀರಿಕೊಂಡವರಲ್ಲಿ ಕೆಲವರ ದೇಹ ದೇವಾಲಯಕ್ಕೆ ಬರಲೇ ಇಲ್ಲ. ಒಬ್ಬರನ್ನು ಬೇರೆ ಸ್ಮಶಾನದಲ್ಲಿ ಮಣ್ಣು ಮಾಡಿದರು, ಒಬ್ಬರ ದಹನವಾಯಿತು. ನಾವು ಫೋನಿನಲ್ಲೇ ಪ್ರಾರ್ಥನೆ ಹೇಳಿದೆವು. ಆಮೇಲೆ ಬರೆದರಾಯಿತು ಎಂದುಕೊಂಡೆವು. ಡಿಸೆಂಬರಿನಲ್ಲಿ ಒಬ್ಬ ಹುಡುಗ ಸರ್ಕಾರದ 50,000 ರೂಪಾಯಿ ಪರಿಹಾರದ ಕಾಗದಗಳ ಜೊತೆಗಿರಲಿ ಎಂದು ತನ್ನ ತಂದೆಯ ಮರಣದ ಬಗ್ಗೆ ಧರ್ಮಕೇಂದ್ರದ ಪತ್ರ ಕೇಳಿಕೊಂಡು ಬಂದ. ಪುಸ್ತಕ ತೆರೆದರೆ ಮೇ ತಿಂಗಳಲ್ಲಿ ಆ ಹೆಸರಿಲ್ಲ. ಅವನ ಎದುರಿನಲ್ಲೇ ಬರೆದೆವು. ಅವತ್ತೇ ಕಿರು ಕ್ರೈಸ್ತ ಸಮುದಾಯಗಳ ಮುಖಂಡರನ್ನು ಕರೆಸಿ ಮನೆಮನೆಯ ಪಟ್ಟಿ ಮಾಡಿಸಿದಾಗ ಇನ್ನೂ ಎರಡು ಹೆಸರು ಬಿಟ್ಟುಹೋಗಿದ್ದವು. ಆ ಮೂರು ಸಾಲುಗಳು ಡಿಸೆಂಬರಿನ ಪುಟದಲ್ಲಿ, ತಡವಾಗಿ ಬರೆದದ್ದು ಎಂಬ ಟಿಪ್ಪಣಿಯೊಂದಿಗೆ, ನಮ್ಮ ಕೈಬರಹದಲ್ಲೇ ಇವೆ.

ಆ ತಾಯಿಯ ಕಡತ ಹಲವು ತಿಂಗಳು ಓಡಾಡಿತು. ಪೌಲುಸ್ ಮತ್ತು ಚಿನ್ನಪ್ಪ ಒಬ್ಬರೇ ಎಂದು ಅಫಿಡವಿಟ್ ಕೇಳಿದರು. ಊರಿನ ಇಬ್ಬರು ಹಿರಿಯರು ಬಂದು ಸಹಿ ಹಾಕಿದರು. ಗೋರಿ ಮಾತ್ರ ಎಲ್ಲಿದೆಯೋ ಇಂದಿಗೂ ಗೊತ್ತಾಗಿಲ್ಲ. ಈಗ ಪ್ರತಿ ಫೆಬ್ರವರಿಯಲ್ಲಿ ಆ ತಾರೀಖಿನ ಬೆಳಗಿನ ಆರು ಗಂಟೆಯ ಪೂಜೆಗೆ ಅವರು ತಾತನ ಹೆಸರು ಬರೆಸುತ್ತಾರೆ. ಪೌಲುಸ್ ಎಂದು ಬರೆಯಲೇ ಎಂದು ನಾವೊಮ್ಮೆ ಕೇಳಿದ್ದಕ್ಕೆ, “ಬ್ಯಾಡಿ ಸ್ವಾಮಿ, ಚಿನ್ನಪ್ಪ ಅಂತ್ಲೇ ಓದಿ” ಎಂದರು.