ಹೆದ್ದಾರಿ ಪಕ್ಕದ ಕುಷ್ಠರೋಗಿಗಳ ಆಸ್ಪತ್ರೆ

ಮಧ್ಯಯುಗದ ಯುರೋಪ್ ತೋರಿಸೋ ಸಿನಿಮಾಗಳಲ್ಲಿ ಒಂದು ದೃಶ್ಯ ನೀವೂ ನೋಡಿರ್ತೀರಿ. ಮುಖ ಮುಚ್ಚಿಕೊಂಡ ಕುಷ್ಠರೋಗಿ, ಕೈಯಲ್ಲಿ ಗಂಟೆ, ಅವನನ್ನ ಕಂಡ ಕೂಡಲೇ ಜನ ದಿಕ್ಕಾಪಾಲು. ಊರಾಚೆ ಎಲ್ಲೋ ಒಂದು ಕತ್ತಲೆ ಕಟ್ಟಡ, ಒಳಗೆ ಹೋದವರು ಹೊರಗೆ ಬರಲ್ಲ. ಇವತ್ತು ನಾನು ಹೇಳೋ ಆಸ್ಪತ್ರೆ ಈ ಚಿತ್ರಕ್ಕೆ ಅಷ್ಟಾಗಿ ಹೊಂದೋದಿಲ್ಲ.

ಇಂಗ್ಲೆಂಡಿನ ಕ್ಯಾಂಟರ್‌ಬರಿ ನಗರದ ಪಶ್ಚಿಮಕ್ಕೆ, ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಹಾರ್ಬಲ್‌ಡೌನ್ ಅನ್ನೋ ಹಳ್ಳಿ ಇದೆ. 1080ರ ದಶಕದಲ್ಲಿ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಎರಡು ಆಸ್ಪತ್ರೆ ಕಟ್ಟಿಸಿದ. ನಗರದ ಉತ್ತರ ಬಾಗಿಲ ಬಳಿ ಬಡವರು ಮತ್ತು ಅಶಕ್ತರಿಗೆ ಕಲ್ಲಿನ ಕಟ್ಟಡ. ಹಾರ್ಬಲ್‌ಡೌನ್ ಗುಡ್ಡದ ಇಳಿಜಾರಿನಲ್ಲಿ ಕುಷ್ಠರೋಗಿಗಳಿಗೆ ಮರದ ಮನೆಗಳು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಅದೇ ಕಾಲದ ಈಡ್ಮರ್ ಅನ್ನೋ ಸನ್ಯಾಸಿ ಇದನ್ನ ಬರೆದಿಟ್ಟಿದ್ದಾನೆ. ರೋಗಿಗಳನ್ನ ನೋಡಿಕೊಳ್ಳೋಕೆ ಕರುಣೆ, ತಾಳ್ಮೆ ಇರೋ ಜನರನ್ನೇ ನೇಮಿಸಿದ್ರು ಅಂತಾನೆ. ಔಷಧಿ ಅಂತ ಹೇಳಿಕೊಳ್ಳೋಕೆ ಆಗ ಏನೂ ಇರಲಿಲ್ಲ. ಊಟ, ಬಟ್ಟೆ, ಬೆಚ್ಚಗಿನ ಜಾಗ, ಪ್ರಾರ್ಥನೆ. ಆಸ್ಪತ್ರೆ ಅಂದ್ರೆ ಆಗ ಅದೇ.

ಈಗ ಜಾಗ ನೋಡಿ. ಲಂಡನ್ನಿನಿಂದ ಕ್ಯಾಂಟರ್‌ಬರಿಗೆ ಬರೋ ಮುಖ್ಯ ರಸ್ತೆ ಹಾದು ಹೋಗೋದೇ ಹಾರ್ಬಲ್‌ಡೌನ್ ಮೇಲೆ. ನಾನು ಬಿ.ಕಾಂ. ಓದಿದವನು, ನನ್ನ ತಲೆ ಮೊದಲು ಓಡೋದು ಅಲ್ಲಿಗೇ: ಜನರನ್ನ ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಡಬೇಕು ಅಂದ್ರೆ ಯಾರಾದ್ರೂ ಹೆದ್ದಾರಿ ಪಕ್ಕ ಜಾಗ ಹುಡುಕ್ತಾರಾ? ದಾರಿಹೋಕರ ದಾನ ಈ ಆಸ್ಪತ್ರೆಯ ಆದಾಯಗಳಲ್ಲೊಂದು. ಗಂಟೆ ಇತ್ತಲ್ಲ, ಅದನ್ನ ಜನರನ್ನ ಎಚ್ಚರಿಸೋಕೆ ಮಾತ್ರ ಬಳಸ್ತಿರಲಿಲ್ಲ, ಭಿಕ್ಷೆಗೆ ಕರೆಯೋಕೂ ಬಳಸ್ತಿದ್ರು. ಕುಷ್ಠ ಕೆಲವರ ಗಂಟಲಿಗೂ ತಾಗಿ ದನಿಯೇ ಹೋಗಿಬಿಡುತ್ತೆ, ಕೂಗಿ ಕೇಳೋಕೆ ಆಗಲ್ಲ.

ಕೊಡೋರಿಗೂ ಲೆಕ್ಕಾಚಾರ ಇತ್ತು. ಇಷ್ಟು ನೋವು ಭೂಮಿ ಮೇಲೇ ಅನುಭವಿಸಿದವರ ಪ್ರಾರ್ಥನೆ ದೇವರಿಗೆ ಬೇಗ ಮುಟ್ಟುತ್ತೆ ಅನ್ನೋ ನಂಬಿಕೆ. ದುಡ್ಡು ಕೊಟ್ಟು ಪ್ರಾರ್ಥನೆ ಪಡೆಯೋದು. ಇದು ಪೂರ್ತಿ ನಿಸ್ವಾರ್ಥ ಸೇವೆ ಅಂತ ನಾನು ಹೇಳಲ್ಲ. ಆದರೆ ಈ ವ್ಯವಹಾರದಲ್ಲಿ ರೋಗಿಯ ಕೈಯಲ್ಲೂ ಕೊಡೋಕೆ ಒಂದು ಇತ್ತು, ನನಗೆ ಅದು ಸಣ್ಣ ವಿಷಯ ಅನ್ನಿಸಲ್ಲ.

ಗಿರಾಕಿಗಳಲ್ಲಿ ರಾಜನೂ ಇದ್ದ. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನ ರಾಜ ಎರಡನೇ ಹೆನ್ರಿಯ ಕಡೆಯವರು ಚರ್ಚಿನೊಳಗೇ ಕೊಂದರು. 1174ರ ಜುಲೈಯಲ್ಲಿ ಹೆನ್ರಿ ಪ್ರಾಯಶ್ಚಿತ್ತಕ್ಕೆ ಅಂತ ಕ್ಯಾಂಟರ್‌ಬರಿಗೆ ಬಂದ. ದಾರಿಯಲ್ಲಿ ಹಾರ್ಬಲ್‌ಡೌನ್‌ನಲ್ಲಿ ನಿಂತು ಪ್ರಾರ್ಥನೆ ಮಾಡಿದ, ಕುಷ್ಠರೋಗಿಗಳಿಗೆ ವರ್ಷಕ್ಕೆ 20 ಮಾರ್ಕ್ ದತ್ತಿ ಬರೆದ. ಒಂದು ಮಾರ್ಕ್ ಅಂದ್ರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಹಾಗಾಗಿ ಹದಿಮೂರು ಪೌಂಡಿಗೆ ಸ್ವಲ್ಪ ಮೇಲೆ. ಆಮೇಲೆ ಬರಿಗಾಲಲ್ಲಿ ನಡೆದು ನಗರದ ಒಳಗೆ ಹೋದ.

ಮುಂದೆ ಇಂಗ್ಲೆಂಡಿನಲ್ಲಿ ಕುಷ್ಠ ಕಡಿಮೆ ಆಗ್ತಾ ಹೋಯ್ತು. ಹಾಸಿಗೆಗಳಿಗೆ ಬಡ ಮುದುಕರು ಬಂದರು. 1510ರ ದಶಕದಲ್ಲಿ ಎರಾಸ್ಮಸ್ ತನ್ನ ಗೆಳೆಯ ಜಾನ್ ಕೋಲೆಟ್ ಜೊತೆ ಇದೇ ರಸ್ತೆಯಲ್ಲಿ ಬರುವಾಗ, ಮುದುಕನೊಬ್ಬ ಓಡಿ ಬಂದು ಪವಿತ್ರ ಜಲ ಚಿಮುಕಿಸಿ, ಬೆಕೆಟ್‌ನದ್ದು ಅಂತ ಒಂದು ಹಳೇ ಚಪ್ಪಲಿಯ ತೊಗಲನ್ನ ಮುತ್ತಿಡೋಕೆ ಮುಂದೆ ಹಿಡಿದನಂತೆ. ಕೋಲೆಟ್ ಕೆಂಡಾಮಂಡಲ. ಎರಾಸ್ಮಸ್‌ಗೆ ಮುದುಕನ ಮೇಲೆ ಪಾಪ ಅನ್ನಿಸಿ ಒಂದು ಕಾಸು ಕೊಟ್ಟ. ಆ ಜಾಗ ಈಗಲೂ ವಯಸ್ಸಾದವರ ವಸತಿಯಾಗಿ ನಡೀತಿದೆ, ಹಳೇ ಚರ್ಚೂ ಇದೆ.

ಹಾಗಂತ ಆ ಕಾಲ ಸ್ವರ್ಗವಾಗಿತ್ತು ಅನ್ಕೋಬೇಡಿ. 1321ರಲ್ಲಿ ಫ್ರಾನ್ಸಿನಲ್ಲಿ ಬಾವಿಗೆ ವಿಷ ಹಾಕಿದ್ರು ಅನ್ನೋ ಸುಳ್ಳು ಆರೋಪ ಹೊರಿಸಿ ಕುಷ್ಠರೋಗಿಗಳನ್ನ ಸುಟ್ಟರು. 1346ರಲ್ಲಿ ಮೂರನೇ ಎಡ್ವರ್ಡ್ ಅವರನ್ನ ಲಂಡನ್ನಿನಿಂದ ಹೊರಹಾಕೋ ಆದೇಶ ಕೊಟ್ಟ. ಆದರೆ ಎಲ್ಲ ಕಾಲಕ್ಕೂ, ಎಲ್ಲ ಊರಲ್ಲೂ ಬಹಿಷ್ಕಾರವೇ ಇತ್ತು ಅನ್ನೋ ಚಿತ್ರ ಬಹುಪಾಲು 19ನೇ ಶತಮಾನದವರು ಬಿಡಿಸಿದ್ದು. ಕ್ಯಾರೋಲ್ ರಾಕ್ಲಿಫ್ ಅನ್ನೋ ಇತಿಹಾಸಕಾರ್ತಿ 2006ರ ತಮ್ಮ ಪುಸ್ತಕದಲ್ಲಿ ಇದನ್ನ ವಿವರವಾಗಿ ವಾದಿಸಿದ್ದಾರೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ರೋಗಾಣು ಕಂಡುಹಿಡಿದ. ವಸಾಹತುಗಳಿಂದ ರೋಗ ಯುರೋಪಿಗೆ ವಾಪಸ್ ಬರುತ್ತೆ ಅನ್ನೋ ಗಾಬರಿ ಶುರುವಾಯ್ತು. ಮಧ್ಯಯುಗದಲ್ಲಿ ಕೂಡಿ ಹಾಕಿದ್ದಕ್ಕೇ ರೋಗ ಹೋಯ್ತು, ಈಗಲೂ ಹಾಗೇ ಮಾಡಿ ಅಂತ ವಾದ ಹುಟ್ಟಿತು.

ಅದರ ಬಿಸಿ ತಟ್ಟಿದ್ದು ನಮಗೆ. 1898ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ಲೆಪರ್ಸ್ ಆಕ್ಟ್ ತಂತು. ಅದರಲ್ಲಿ ಒಂದು ಪದ ಇದೆ, 'ಪಾಪರ್ ಲೆಪರ್'. ರೋಗ ಇದ್ದು, ಬೀದಿಯಲ್ಲಿ ಭಿಕ್ಷೆ ಬೇಡೋನು, ಹೊಟ್ಟೆಪಾಡಿಗೆ ದಿಕ್ಕಿಲ್ಲದೆ ಅಲೆಯೋನು. ಅಂಥವನನ್ನ ಪೊಲೀಸರು ವಾರಂಟ್ ಇಲ್ಲದೆ ಹಿಡೀಬಹುದಿತ್ತು. ಅದೇ ರೋಗ ಇರೋ ದುಡ್ಡಿದ್ದವನು ಮನೇಲಿ ಆರಾಮಾಗಿ ಇರಬಹುದಿತ್ತು. ಹಾರ್ಬಲ್‌ಡೌನ್‌ನಲ್ಲಿ ರಸ್ತೆ ಬದಿ ಕೈ ಚಾಚೋದು ಬದುಕೋ ದಾರಿಯಾಗಿತ್ತು. ಇಲ್ಲಿ ಅದೇ ಕೈ ಚಾಚಿದ್ದಕ್ಕೆ ಅರೆಸ್ಟ್.

ಬಹುಔಷಧ ಚಿಕಿತ್ಸೆಯನ್ನ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ, ರೋಗ ಪೂರ್ತಿ ವಾಸಿ ಆಗುತ್ತೆ. 1898ರ ಆ ಕಾನೂನು ಕೇಂದ್ರದ ಪುಸ್ತಕದಿಂದ ಹೋಗಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ಡೈವೋರ್ಸ್ ಕೇಳೋ ಅವಕಾಶವನ್ನ ಸಂಸತ್ತು ತೆಗೆದಿದ್ದು 2019ರಲ್ಲಿ. ಆಗ ನಿಮ್ಮಲ್ಲಿ ಎಷ್ಟೋ ಜನ ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದು ಕೂತಿದ್ರಿ.