ರೈಲ್ವೆ ಗೇಟು ಮುಚ್ಚುವ ಮುನ್ನ



ಬೆಳಗಾವಿಯ ಟಿಳಕವಾಡಿಯಲ್ಲಿ ಯಾರ ಮನೆಯ ವಿಳಾಸವನ್ನಾದರೂ ಕೇಳಿ ನೋಡಿ. ‘ಮೊದಲನೇ ಗೇಟಿನ ಹತ್ತಿರ’, ‘ಎರಡನೇ ಗೇಟು ದಾಟಿ’, ‘ಮೂರನೇ ಗೇಟಿನ ಆಚೆ’ ಎಂಬ ಉತ್ತರ ಬರುವುದು ಸಾಮಾನ್ಯ. ಇವೆಲ್ಲ ರೈಲ್ವೆ ಗೇಟುಗಳ ಹೆಸರುಗಳು. ರಸ್ತೆಯೂ ಹಳಿಯೂ ಒಂದೇ ಮಟ್ಟದಲ್ಲಿ ಸಂಧಿಸುವ ಇಂಥ ಸ್ಥಳವನ್ನು ಲೆವೆಲ್ ಕ್ರಾಸಿಂಗ್ ಎನ್ನುತ್ತೇವೆ. ಊರಿನ ಹೆಗ್ಗುರುತೇ ಆಗಿಬಿಟ್ಟ ಗೇಟನ್ನು ಶಾಶ್ವತವಾಗಿ ಮುಚ್ಚುತ್ತಾರೆಂಬ ಸುದ್ದಿ ಬಂದರೆ ಬಡಾವಣೆಯಲ್ಲಿ ವಾದ ಏಳದೆ ಇರುತ್ತದೆಯೆ? ಈ ವಾದಕ್ಕೆ ಹೆಚ್ಚುಕಡಿಮೆ ರೈಲಿನಷ್ಟೇ ವಯಸ್ಸಾಗಿದೆ. ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಇಂಗ್ಲೆಂಡಿನಲ್ಲಿ ರೈಲುಗಳು ಹೆಚ್ಚಿದಾಗ ಒಂದು ಪ್ರಶ್ನೆ ಎದುರಾಯಿತು. ರಸ್ತೆ ಹಳೆಯದು, ಹಳಿ ಹೊಸದು. ಯಾರು ಯಾರಿಗಾಗಿ ಕಾಯಬೇಕು? 1845ರ ರೈಲ್ವೆ ಕಾಯಿದೆ ಇದಕ್ಕೆ ಉತ್ತರ ಕೊಟ್ಟಿತು. ಸಾರ್ವಜನಿಕ ರಸ್ತೆ ಹಳಿಯನ್ನು ದಾಟುವೆಡೆ ಕಂಪೆನಿಯೇ ಗೇಟು ಹಾಕಿ ಕಾವಲಿನವರನ್ನು ಇಡಬೇಕು. ಆದರೆ ಗೇಟು ರಸ್ತೆಗೆ ಅಡ್ಡವಾಗಿ ಮುಚ್ಚಿರಬೇಕು. ವೇಗವಾಗಿ ಬರುವ ರೈಲನ್ನು ಥಟ್ಟನೆ ನಿಲ್ಲಿಸಲಾಗದು ಎಂಬ ಸರಳ ಕಾರಣದಿಂದ ಹಳಬನೇ ಹೊಸಬನಿಗೆ ದಾರಿ ಬಿಡಬೇಕಾಯಿತು.

ನಮ್ಮ ದೇಶದಲ್ಲಿ 1853ರಲ್ಲಿ ಮುಂಬಯಿ–ಠಾಣೆ ನಡುವೆ ಮೊದಲ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂದಿತು. ಹಳಿಗಳು ಹೊಲಗದ್ದೆಗಳನ್ನು ಸೀಳಿಕೊಂಡು ಹೋದವು. ಇದರಿಂದ ದಾರಿ ತಪ್ಪಿದವರಿಗೆ ದಾಟುವ ವ್ಯವಸ್ಥೆ ಮಾಡಿಕೊಡುವುದು ರೈಲ್ವೆಯ ಕರ್ತವ್ಯವೆಂದು 1890ರ ಭಾರತೀಯ ರೈಲ್ವೆ ಕಾಯಿದೆ ಹೇಳಿತು. ಆದರೆ ಅದಕ್ಕೊಂದು ಗಡುವೂ ಇತ್ತು. ಮಾರ್ಗ ತೆರೆದು 10 ವರ್ಷ ಕಳೆದ ಮೇಲೆ, ಸರ್ಕಾರವೇ ಸೂಚಿಸಿದ ಹೊರತು, ಜಮೀನುದಾರರಿಗಾಗಿ ಹೊಸ ದಾಟುದಾರಿಯ ವೆಚ್ಚವನ್ನು ರೈಲ್ವೆಯ ಮೇಲೆ ಹೊರಿಸುವಂತಿರಲಿಲ್ಲ. ಊರುಗಳಾದರೋ ಆಮೇಲೆಯೇ ಬೆಳೆದವು! ಹೊಲವಿದ್ದಲ್ಲಿ ಬಡಾವಣೆ, ಶಾಲೆ, ಸಂತೆಗಳು ಎದ್ದವು. ಎತ್ತಿನ ಗಾಡಿಗಾಗಿ ಮಾಡಿದ ಗೇಟಿನ ಮೇಲೆ ಇಡೀ ಬಡಾವಣೆಯ ಭಾರ ಬಿದ್ದಿತು.

ಹಾಗಾದರೆ ಯಾವ ಗೇಟಿನ ಬದಲಿಗೆ ಸೇತುವೆ ಕಟ್ಟಬೇಕು? ಇದನ್ನು ನಿರ್ಧರಿಸಲು ರೈಲ್ವೆ ಒಂದು ಲೆಕ್ಕವನ್ನು ಬಳಸುತ್ತ ಬಂದಿತು. ದಿನಕ್ಕೆ ಹಾದುಹೋಗುವ ರೈಲುಗಳ ಸಂಖ್ಯೆಯನ್ನು ರಸ್ತೆಯ ವಾಹನಗಳ ಸಂಖ್ಯೆಯಿಂದ ಗುಣಿಸಬೇಕು. 50 ರೈಲು, 2,000 ವಾಹನ ಎಂದರೆ ಗುಣಲಬ್ಧ ಒಂದು ಲಕ್ಷ. ಬಹುಕಾಲ ನಡೆದುಬಂದ ನಿಯಮದಂತೆ ಈ ಲಕ್ಷದ ಗೆರೆ ಮುಟ್ಟಿದ ಗೇಟಿಗೆ ರೈಲ್ವೆ ಮತ್ತು ರಾಜ್ಯ ಸರ್ಕಾರಗಳು ಅರ್ಧರ್ಧ ವೆಚ್ಚ ಹಾಕಿ ಮೇಲುಸೇತುವೆ ಕಟ್ಟಬಹುದಾಗಿತ್ತು. ಈ ಲೆಕ್ಕದಲ್ಲಿ ಮೋಟಾರು, ಎತ್ತಿನ ಗಾಡಿ, ಆಟೋರಿಕ್ಷಾಗಳಿಗೆ ಸ್ಥಾನವಿದೆ. ಪುಸ್ತಕದ ಚೀಲ ಹೊತ್ತು ನಡೆದು ಬರುವ ನಿಮಗೆ, ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ತಾಯಿಗೆ ಸ್ಥಾನವಿಲ್ಲ. ವಿವಾದದ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ಆದರೆ ಗೇಟು ಮುಚ್ಚಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಕಾವಲಿಲ್ಲದ ಕ್ರಾಸಿಂಗಿನಲ್ಲಿ ಶಾಲಾ ವಾಹನಕ್ಕೆ ರೈಲು ಬಡಿದು 13 ಮಕ್ಕಳು ಸತ್ತರು. ಇದಕ್ಕೂ ಮೊದಲೇ, 2012ರಲ್ಲಿ, ಅನಿಲ್ ಕಾಕೋಡ್ಕರ್ ಸಮಿತಿಯು ಐದು ವರ್ಷಗಳಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ತೆಗೆದುಹಾಕಬೇಕೆಂದು ಹೇಳಿತ್ತು. ಅದಕ್ಕೆ ತಗಲುವ ವೆಚ್ಚವನ್ನು ಸುಮಾರು 50,000 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತ್ತು. 2019ರ ಜನವರಿಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳು ಇಲ್ಲವಾದವು. ಇದು ಸಣ್ಣ ಸಾಧನೆಯಲ್ಲ. ಕಾವಲಿದ್ದರೆ ಸಾಕೆ? ಅದೂ ಸಾಲದು. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಬಳಿ, ಕಾವಲಿದ್ದ ಗೇಟಿನಲ್ಲಿಯೇ ಶಾಲಾ ವಾಹನಕ್ಕೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ತೀರಿಕೊಂಡರು.

ಇನ್ನು ಗೇಟು ಉಳಿಯಲಿ ಎನ್ನುವವರ ಮಾತು ಕೇಳಿ. ಗೇಟು ಹೋದರೆ ಎದುರು ಬದಿಯ ಶಾಲೆಗೆ, ಆಸ್ಪತ್ರೆಗೆ ಸುತ್ತುಬಳಸಿ ಹೋಗಬೇಕು. ಮೋಟಾರಿಗೆ ಅದು ಕೆಲವು ನಿಮಿಷದ ಮಾತು. ನಡೆಯುವ ವೃದ್ಧರಿಗೆ ಹಾಗಲ್ಲ. ಸುತ್ತುವ ಬದಲು ಜನ ಹಳಿಯನ್ನೇ ಹಾರಿ ದಾಟತೊಡಗಿದರೆ, ಗೇಟು ಮುಚ್ಚಿದ ಉದ್ದೇಶವೇ ಕೆಡುತ್ತದೆ. ಗೇಟಿನ ಬದಲು ಕಟ್ಟಿದ ಕೆಳಸೇತುವೆಯಲ್ಲಿ ಮಳೆನೀರು ನಿಂತರೆ ಇನ್ನೊಂದು ಅಪಾಯ. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ನೀರು ತುಂಬಿದ ರೈಲ್ವೆ ಕೆಳಸೇತುವೆಯೊಳಗೆ ಕಾರು ಸಿಲುಕಿ ಮಹಿಳೆಯೊಬ್ಬರು ಸತ್ತರು. ಆ ಕೆಳಸೇತುವೆಯೇ ಬೇಡವೆಂದು ಊರವರು ಪ್ರತಿಭಟಿಸಿದರು.

ನೋಡಿದಿರಾ, ಎರಡು ಪಕ್ಷದವರೂ ಪ್ರಾಣದ ಮಾತನ್ನೇ ಆಡುತ್ತಿದ್ದಾರೆ. ಒಬ್ಬರು ಹಳಿಯ ಮೇಲಿನ ಸಾವನ್ನು ಕಂಡವರು. ಇನ್ನೊಬ್ಬರು ದಾರಿಯಿಲ್ಲದ ಬದುಕನ್ನು ಕಂಡವರು. ಆದ್ದರಿಂದ ‘ಮುಚ್ಚಬೇಕೆ, ಬೇಡವೆ’ ಎಂದಷ್ಟೇ ಕೇಳುವುದು ಸಾಲದು. ಮುಚ್ಚುವ ಮೊದಲು ಬದಲಿ ದಾರಿ ಸಿದ್ಧವಾಗಿದೆಯೆ? ಮಳೆಗಾಲದಲ್ಲಿ ಅದು ದಾರಿಯಾಗಿಯೇ ಉಳಿಯುತ್ತದೆಯೆ? ನಡೆದು ಹೋಗುವವರನ್ನು ಎಣಿಸಿದವರು ಯಾರು?

ಮೊದಲ ಎರಡು ಪ್ರಶ್ನೆಗಳನ್ನು ಎಂಜಿನಿಯರರಿಗೆ ಕೇಳಿ. ಮೂರನೆಯದಕ್ಕೆ ನೀವೇ ಉತ್ತರ ಹುಡುಕಬಹುದು. ನಿಮ್ಮೂರಿನಲ್ಲಿ ಗೇಟು ಇದ್ದರೆ, ಒಂದು ದಿನ ನಾಲ್ಕೈದು ಗೆಳೆಯರು ಸೇರಿ, ಹಳಿಯಿಂದ ದೂರದಲ್ಲಿ ನಿಂತು, ಬೆಳಗಿನಿಂದ ಸಂಜೆಯವರೆಗೆ ಎಷ್ಟು ಜನ ನಡೆದು ದಾಟುತ್ತಾರೆಂದು ಎಣಿಸಿ ಬರೆಯಿರಿ. ಊರಿನ ಸಭೆಯಲ್ಲಿ ಆ ಹಾಳೆಯನ್ನು ಮುಂದಿಡಿ. ಲೆಕ್ಕದಲ್ಲಿ ಇಲ್ಲದವರು ಅಂದು ಲೆಕ್ಕಕ್ಕೆ ಬರುತ್ತಾರೆ.